ಕೊಲೆಗಾರನ ಪಾತ್ರ

ಇನ್‌ಸ್ಪೆಕ್ಟರ್ ಮೇಡಂ ಅವರ ಸನ್ನಿಧಾನಕ್ಕೆ, ನಿಮ್ಮದೇ ಲಾಕಪ್ಪಿನಿಂದ ನಮಸ್ಕಾರ.

ಕೊಲೆಗಾರ ಮೆಟ್ಟಿಲಿಳಿದು ಓಡಿದ್ದನ್ನು ಕಂಡ ಸಾಕ್ಷಿ ನಾನು. "ಹೇಗೆ ಓಡಿದ, ಒಂಚೂರು ಮಾಡಿ ತೋರಿಸಿ ಯಜಮಾನ್ರೇ" ಎಂದವರು ನಿಮ್ಮ ಜೊತೆಯ ಎಸ್‌ಐ ಮೇಡಂ. ನಾಟಕದವನಿಗೆ ಅಷ್ಟು ಸಾಲದೇ! ಅವನು ತೊಟ್ಟಿದ್ದಂಥದೇ ಕಪ್ಪು ಕೋಟು ತೊಟ್ಟು ಧಡಧಡನೆ ಇಳಿದೆ. ಎದುರುಮನೆಯ ಅಜ್ಜಿ ಕಿಟಕಿಯಿಂದ, "ಅಯ್ಯೋ, ಅವತ್ತು ಓಡಿದ್ದು ಇವನೇ ಕಣಮ್ಮಾ!" ಎಂದು ಚೀರಿದರು. ನೀವು ಕೋಳ ತೊಡಿಸಿದಿರಿ.

ಈಗ ನನಗೇ ತಲೆ ಕೆಟ್ಟಿದೆ. ಓಡಿದವನ ಮುಖ ನೆನೆದರೆ ನನ್ನದೇ ಮುಖ ಕಾಣುತ್ತದೆ!

ಒಂದೇ ಬಿನ್ನಹ. ನಾಳೆ ಆ ಕೋಟು ತೊಟ್ಟು ನೀವು ಇಳಿಯಿರಿ. ಎಸ್‌ಐ ಮೇಡಂ ಅಜ್ಜಿಯ ಪಕ್ಕ ನಿಲ್ಲಲಿ. ಅಜ್ಜಿ ಆಗಲೂ "ಇವನೇ" ಎಂದರೆ ನನ್ನನ್ನು ಮನೆಗೆ ಕಳಿಸಿ. ಆದರೆ ತಾಯೀ, ಕೈಮುಗಿಯುತ್ತೇನೆ, ಚೆನ್ನಾಗಿ ಓಡಿ. ನನ್ನ ಜೀವ ನಿಮ್ಮ ನಟನೆಯ ಮೇಲೆ ನಿಂತಿದೆ.

ಇಂತಿ,
ಬಹುಶಃ ನಿರಪರಾಧಿಯಾದ ನಟ