ನನ್ನ ಸೈನಿದ್ದ ಕಾಗದ

ಗೊಟ್ಟಿಗೆರೆ,
14-6-2025, ಶನಿವಾರ

ಮಗಳು ಸೌಮ್ಯಳಿಗೆ ನಿನ್ನ ಅಪ್ಪ ಬರೆಯುವುದು,

ಹೇಗಿದ್ದೀಯ ಕೂಸೇ? ಕೈ ನೋವು ಕಡಿಮೆಯಾಯಿತೋ ಇಲ್ಲವೋ? ಆನೇಕಲ್ಲಿನಲ್ಲಿ ನಿನಗೆ ಜಡೆ ಹಾಕುವವರು ಯಾರು ಎಂದು ನಿಮ್ಮಮ್ಮ ದಿನಾ ಕೇಳುತ್ತಾಳೆ. ನನ್ನನ್ನು ಕೇಳಿದರೆ ನಾನೇನು ಹೇಳಲಿ? ದೊಡ್ಡಮ್ಮನಿಗೆ ಹೇಳಿ ಹಾಕಿಸಿಕೋ, ಸಂಕೋಚ ಪಡಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ರೇಗುತ್ತೇನೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೇ ಬಿಟ್ಟವನ ಅಕ್ಷರ, ನಗಬೇಡ.

ನಿನ್ನ ಕೇಸು ಕೋರ್ಟಿನಲ್ಲಿ ತೆಗೆದುಕೊಂಡಿದ್ದಾರೆ. ಗೆದ್ದರೆ ಬದುಕಿರುವವರೆಗೂ ಪಿಂಚಣಿ ನಿನ್ನ ಹೆಸರಿಗೇ ಬರುತ್ತದೆ, ಯಾರ ಹಂಗೂ ಬೇಡ, ನನ್ನದೂ ಬೇಡ. ಬನಶಂಕರಿಯ ಲಾಯರ್ ಶಶಿಕಾಂತನ ಹತ್ತಿರ ಮೂರು ಸಲ ಹೋಗಿ ಬಂದೆ. ಗಾರ್ಮೆಂಟ್ಸಿನಲ್ಲಿ ಕಾಲರ್ ಒತ್ತುವ ಮಷಿನ್ನಿಗೆ ನಿನ್ನ ಬಲಗೈ ಸಿಕ್ಕಿದ್ದು, ಬೆರಳು ಮಡಚಲು ಆಗದಿರುವುದು, ಎಲ್ಲಾ ಆಸ್ಪತ್ರೆ ಚೀಟಿಯಲ್ಲಿ ಸರಿಯಾಗಿದೆಯಂತೆ. ವಿಮೆ ಕಚೇರಿಯವರು ಪಿಂಚಣಿ ಇಲ್ಲ ಎಂದದ್ದು ಒಂದೇ ಒಂದು ಕಾಗದ ನೋಡಿ. ಶಶಿಕಾಂತ ಅದನ್ನು ನನ್ನ ಮುಂದಿಟ್ಟು, "ಇದು ನಿಮ್ದೇ ಸೈನಾ ಯಜಮಾನ್ರೇ?" ಎಂದು ಕೇಳಿದ. ಇನ್ನೂ ಮೂರು ಜನ ಅಲ್ಲಿ ಕೂತಿದ್ದರು. ಹೌದು ಅನ್ನುವುದು ಬಿಟ್ಟು, "ಮೊದ್ಲು ಕುಡಿಯಕ್ಕೆ ನೀರು ಕೊಡಯ್ಯ" ಎಂದು ಅವನ ಮೇಲೇ ರೇಗಿದೆ.

ಆವತ್ತು ಆದದ್ದು ನಿನಗೆ ಗೊತ್ತೇ ಇದೆ. ಹುಳಿಮಾವಿನಿಂದ ಗಂಡಿನ ಕಡೆಯವರು ಬಂದಿದ್ದರು. "ಬಲಗೈ ಸೆರಗೊಳ್ಗೇ ಇಟ್ಕೊ, ಹೊರಗ್ ತೆಗ್ದೀಯ ಜೋಕೆ" ಎಂದು ನಿನ್ನನ್ನು ಗದರಿಸಿದವನು ನಾನೇ. ಕಾಫಿ ತಟ್ಟೆಯನ್ನೂ ನಿಮ್ಮಮ್ಮನ ಕೈಲೇ ಹೊರಿಸಿದೆ. ಅವರು ಉಪ್ಪಿಟ್ಟು ತಿನ್ನುತ್ತಿದ್ದಾಗ ವಿಮೆ ಕಚೇರಿಯವನು ಫೈಲು ಹಿಡಿದು ಬಾಗಿಲಲ್ಲಿ ನಿಂತು, "ಹುಡ್ಗಿ ಕೈ ವಿಚಾರ್ಣೆಗೆ ಬಂದಿದೀನಿ" ಎಂದ. ಗಂಡಿನ ತಾಯಿ ತಿನ್ನುವುದು ನಿಲ್ಲಿಸಿದಳು. ನಾಳೆ ಬಾರಪ್ಪ ಅನ್ನಬಹುದಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ನನ್ ಮಗಳಿಗೇನೂ ಆಗಿಲ್ಲ ಕಣಯ್ಯ, ಎರಡು ಕೈಲೂ ಕೋಲು ಹಿಡ್ದು ಮುದ್ದೆ ತೊಳಸ್ತಾಳೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವನು ಬರೆದುಕೊಂಡ, ನಾನು ಸೈನು ಹಾಕಿದೆ. ಆ ಸಂಬಂಧವೂ ಕೂಡಲಿಲ್ಲ. ಪಿಂಚಣಿ ಇಲ್ಲ ಎಂಬ ಕಾಗದ ಬಂದ ದಿನವೇ ನೀನು ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದೆ. ತಡೆಯಲು ನನಗೆ ಯಾವ ಮುಖವಿತ್ತು?

ಹೊತ್ತಿಗೆ ಸರಿಯಾಗಿ ಊಟ ಮಾಡು. ದೊಡ್ಡಮ್ಮನಿಗೆ ನಮಸ್ಕಾರ ಹೇಳು. ನಿನಗೆ ಒಳ್ಳೆಯದಾಗಲಿ ಎನ್ನಲು ನನಗೆ ಬಾಯಿಲ್ಲ. ನಿಮ್ಮಮ್ಮ ಅಂದಿದ್ದಾಳೆ, ಅದನ್ನೇ ಇಟ್ಟುಕೋ.

ನಿನ್ನ ಅಪ್ಪ,
ಬೈಲಪ್ಪ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆವತ್ತು ಸೈನು ಹಾಕುವಾಗ ಕನ್ನಡಕ ಇರಲಿಲ್ಲ, ವಿಮೆ ಕಚೇರಿಯವನು ಏನು ಬರೆದನೋ ನೋಡಲಿಲ್ಲ ಎಂದು ನಿನಗೂ ಹೇಳಿದ್ದೆ, ಲಾಯರಿಗೂ ಹೇಳಿದ್ದೆ. ಸುಳ್ಳು ಕೂಸೇ. ಜೇಬಿನಲ್ಲೇ ಇತ್ತು. ಹಾಕಿಕೊಂಡು, ಪೂರ್ತಿ ಓದಿ, ನಿನ್ನ ಪಿಂಚಣಿ ಹೋಗುತ್ತದೆಂದು ಗೊತ್ತಿದ್ದೇ ಸೈನು ಹಾಕಿದೆ. ಸಂಬಂಧ ಕೂಡಿದರೆ ಸಾಕು ಅನ್ನಿಸಿತ್ತು. ನೆನ್ನೆ ಶಶಿಕಾಂತನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. 26ನೇ ತಾರೀಖು ಗುರುವಾರ ಜಡ್ಜ್ ಮುಂದೆಯೂ ಇದನ್ನೇ ಹೇಳುತ್ತೇನೆ. ನೀನೂ ಇರಬೇಕಂತೆ. ನನ್ನ ಜೊತೆ ಮಾತಾಡಬೇಡ, ಪಕ್ಕದಲ್ಲೂ ಕೂರಬೇಡ. ಆದರೆ ಬಾ.