ಹನ್ನೆರಡು ವಾರ ಹೊರೆ ಎತ್ತಬಾರದು

16 ಜುಲೈ 2002, ಮಂಗಳವಾರ. ಸಂಜೆ 5

ಬೆಳಿಗ್ಗೆ ತೊಂಬತ್ತು ಕಡ್ಡಿ ಹೊಗೆಸೊಪ್ಪು ಕಟ್ಟಿದೆ. ಕೈಯೆಲ್ಲ ಅಂಟು. ಪೆನ್ನೂ ಅಂಟುತ್ತಿದೆ. ಹೊಲದಿಂದ ಹಸಿಸೊಪ್ಪಿನ ಹೊರೆ ತರುವಾಗ ಮತ್ತೆ ಗರ್ಭಕೋಶ ಜಾರಿತು. ಬೇಲಿ ಮರೆಯಲ್ಲಿ ಕೂತು ಒಳಗೆ ತಳ್ಳಿಕೊಂಡೆ. ಹೆರಿಗೆಯಾಗಿ ನಾಲ್ಕೇ ತಿಂಗಳು. ಟೌನಿನ ಡಾಕ್ಟರು ತೆಗೆಸಿಬಿಡಿ ಅಂದಿದ್ದಾರೆ. ಇವರೂ ಅದೇ — "ತೆಗ್ಸಿ ಬಿಸಾಕು. ಎಂಟ್ ದಿನ ಮನಿಕ್ಕೊ, ಆಮೇಲೆ ಕೆಲ್ಸಕ್ಕೆ ಬಾ." ನನಗೆ ಇಪ್ಪತ್ತಾರು ವರ್ಷ. ತೆಗೆಸುವುದಿಲ್ಲ.

ಯಾರಿಗೂ ಹೇಳದೆ ಮಧ್ಯಾಹ್ನ ರಾವಂದೂರಿಗೆ ಹೋದೆ. ಯಶೋದಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿದವರು. ಈಗ ಊರಿಗೆ ಬಂದು ಮನೆಯಲ್ಲೇ ನೋಡುತ್ತಾರೆ. ಪರೀಕ್ಷೆ ಮಾಡಿದರು. ಆಮೇಲೆ ಪ್ರಶ್ನೆಗಳು... ನೀರೆಷ್ಟು ಕುಡೀತೀಯ, ಕಕ್ಕಸಿಗೆ ಮುಕ್ಕುತ್ತೀಯಾ, ಹೊರೆ ಎತ್ತುವಾಗ ಹೇಗೆ ಬಗ್ಗುತ್ತೀಯ. ಕೊನೆಗೆ — "ಮನೇಲಿ ಹೊಡೀತಾರಾ?"

"ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?"

"ಹೆದರಿದಾಗ ಉಸಿರು ಕಟ್ತೀಯಲ್ಲ, ಅದು ಕೆಳಕ್ಕೇ ಒತ್ತುತ್ತೆ ಕಣಮ್ಮ. ಮೈ ಅಂದ್ರೆ ಬಿಡಿ ಬಿಡಿ ಸಾಮಾನಲ್ಲ."

ಸದ್ಯಕ್ಕೆ ಆಪರೇಷನ್ ಬೇಡವಂತೆ. ದಿನಕ್ಕೆ ಎರಡು ಸಲ ವ್ಯಾಯಾಮ. ಹನ್ನೆರಡು ವಾರ ಹೊರೆ ಎತ್ತಬಾರದು.

ಹನ್ನೆರಡು ವಾರ! ಸೊಪ್ಪು ಬೇಯಿಸುವ ಬ್ಯಾರನ್ ಗೂಡು ಉರಿಯುವ ಕಾಲದಲ್ಲಿ!

19 ಜುಲೈ, ಶುಕ್ರವಾರ

ಹೇಳಿದೆ. ಇವರು ಸೊಪ್ಪು ಕಟ್ಟುವ ಕಡ್ಡಿಯಲ್ಲೇ ಬೆನ್ನಿಗೆ ಬಾರಿಸಿದರು. ಏಳನೇ ಏಟಿಗೆ ಕಡ್ಡಿ ಮುರಿಯಿತು. ಬ್ಯಾರನ್‌ಗೆ ಒಂದು ಕಡ್ಡಿ ಕಮ್ಮಿಯಾಯಿತಲ್ಲ ಅಂತ ಅದಕ್ಕೂ ನನ್ನನ್ನೇ ಬೈದರು.

ಹೊರೆ ಮಾತ್ರ ಎತ್ತಲಿಲ್ಲ.

26 ಜುಲೈ

ಸೊಂಟದ ಕೆಳಗೆ ದಿಂಬು, ಕಾಲು ಗೋಡೆ ಮೇಲೆ. ಉಸಿರು ಬಿಡುತ್ತಾ ಒಳಗೆ ಬಿಗಿಹಿಡಿಯಬೇಕು. ಐದು ಎಣಿಸಿ ಸಡಿಲ ಬಿಡಬೇಕು. ಮೂರು ಅಂದಿದ್ದೆ. ನೀರು ಕುಡಿಯಲು ಇವರು ಬಂದರು.

"ಅಗಲೊತ್ತೇ ಕಾಲೆತ್ಕಂಡ್ ಮನಗವ್ಳೆ ಮಾರಾಣಿ!"

ಸೊಂಟಕ್ಕೆ ಒದ್ದರು. ತಲೆ ಒರಳಿಗೆ ಬಡಿಯಿತು. ದಿಂಬೆಲ್ಲ ರಕ್ತ. ಅತ್ತೆ ಗಾಯಕ್ಕೆ ಕಾಫಿಪುಡಿ ಒತ್ತಿದರು. ಅಂದದ್ದು ಒಂದೇ — "ಬಾಗ್ಲಾಕ್ಕಂಡ್ ಮಾಡ್ಬಾರ್ದಾ?"

30 ಜುಲೈ, ಮಂಗಳವಾರ

"ಅದೇನ್ ಕಲಿಸ್ತಾಳೋ ನಾನೂ ನೋಡ್ತೀನಿ" ಅಂತ ಅತ್ತೆಯೂ ಜೊತೆಗೆ ಬಂದರು. ಯಶೋದಮ್ಮ ಬಾಣಂತನದ ವಿಷಯ ಕೇಳಿದರು. ಅತ್ತೆಗೆ ಹೆಮ್ಮೆ. "ನಾನೇ ಮಾಡಿದ್ದು ಕಣ್ರವ್ವ. ಒಟ್ಟೆ ಬರಬಾರ್ದು ಅಂತ ಸೀರೆ ಸುತ್ತಿ, ಮಂಡಿ ಕೊಟ್ಟು ಬಿಗ್ದಿವ್ನಿ. ಅದಿನೈದ್ನೇ ದಿನಕ್ಕೆ ಒಲಕ್ಕೋದ್ಲು!"

"ಚಿಕ್ಕಬೀರಮ್ಮ, ರಾಗಿ ಮೂಟೆ ನಡು ಬಿಗಿದರೆ ಕಾಳು ಎಲ್ಲಿಗೆ ಹೋಗುತ್ತೆ?"

ಅತ್ತೆ ತಮ್ಮ ಸೊಂಟ ಮುಟ್ಟಿಕೊಂಡರು. "...ಕೆಳಕ್ಕೆ."

ವಾಪಸು ಬರುವಾಗ ಕೆರೆ ಏರಿ ಮೇಲೆ ಕೂತುಬಿಟ್ಟರು. "ನಂದೂ ಜಾರ್ತದೆ ಕಣವ್ವ ರಾಧಾ. ನಿನ್ ಗಂಡ ಚಲುವರಾಜ ಉಟ್ದಾಗ್ನಿಂದ. ಮೂವತ್ತೊಂದ್ ವರ್ಸ. ಬಟ್ಟೆ ಕಟ್ಕಂಡ್ ಓಡಾಡ್ತೀನಿ. ನಂಗೂ ಅಂಗೇ ಬಿಗ್ದಿದ್ರು, ನಾನೂ ನಿಂಗೆ ಬಿಗ್ದೆ."

ಅವರು ಅಳುವುದನ್ನು ಇವತ್ತೇ ನೋಡಿದ್ದು.

6 ಆಗಸ್ಟ್

ಈಗ ಇಬ್ಬರೂ. ಚಿಲಕ ಹಾಕಿಕೊಂಡು. ಎಣಿಸುವುದು ಅತ್ತೆಯೇ. ಮೂರರ ಮೇಲೆ ಮರೆತು ಮತ್ತೆ ಒಂದರಿಂದ. ಬಿಗಿಹಿಡಿಯುವುದು ಹೇಗೆ ಅಂತ ಈಗ ಅವರೇ ನನಗೆ ಪಾಠ — "ಉಚ್ಚೆ ಬಂದ್ರೂ ಇಡ್ಕಂಡು ಬಸ್ನಲ್ಲಿ ಮೈಸೂರ್ಗಂಟ ಓಯ್ತೀವಲ್ಲ, ಅಂಗೆ ಕಣಮ್ಮಿ!" ನಕ್ಕು ನಕ್ಕು ತಲೆಯ ಗಾಯ ಬಿರಿಯಿತು.

13 ಆಗಸ್ಟ್, ಮಂಗಳವಾರ

ಬ್ಯಾರನ್ ತುಂಬುವ ದಿನ. ಒಂದು ಆಳು ಕಮ್ಮಿ. ಇವರು ಬಾಗಿಲಿಗೆ ಒದ್ದರು, ಚಿಲಕ ಕಿತ್ತುಬಂತು. ಇಬ್ಬರೂ ಕಾಲೆತ್ತಿ ಮಲಗಿದ್ದೆವು. ತಾಯಿಯ ಕಡೆ ನೋಡಲೂ ಇಲ್ಲ. ನನ್ನ ಜುಟ್ಟು ಹಿಡಿದು ಅಂಗಳದುದ್ದಕ್ಕೂ ಎಳೆದುಕೊಂಡು ಹೋದರು. ಮಂಡಿ ಸುಲಿಯಿತು. ತಲೆ ಮೇಲೆ ಹೊರೆ ಇಟ್ಟರು. ಬೀಳಿಸಿದೆ. ಮತ್ತೆ ಇಟ್ಟರು. ಮತ್ತೆ ಬೀಳಿಸಿದೆ. ಸೌದೆ ಎತ್ತಿಕೊಂಡರು. "ಅದೇನ್ ಜಾರ್ತದೋ ನೋಡೇಬುಡ್ತೀನಿ" — ಹೊಟ್ಟೆಗೇ ಗುರಿ.

ಅತ್ತೆ ಹಿಂದಿನಿಂದ ಬಂದರು. ಬೆಂಕಿ ಕೆದಕುವ ಕಬ್ಬಿಣದ ಸರಳು. ಬಲ ಮಣಿಕಟ್ಟಿಗೆ ಒಂದು ಏಟು. ಮೂಳೆ ಮುರಿದ ಸದ್ದು ಆಳುಗಳಿಗೂ ಕೇಳಿಸಿತು. ಅದೇ ಜಾಗಕ್ಕೆ ಇನ್ನೊಂದು.

"ಆ ಕೈಯೂ ನನ್ ಒಟ್ಟೇಲೇ ಉಟ್ಟಿದ್ದು ಕಣ್ಲಾ."

27 ಆಗಸ್ಟ್

ಇವರಿಗೆ ಮೊಣಕೈವರೆಗೆ ಪ್ಲಾಸ್ಟರ್. ಬ್ಯಾರನ್ ಅಟ್ಟಣೆಯಿಂದ ಬಿದ್ದೆ ಅಂತ ಊರಿಗೆಲ್ಲ ಹೇಳಿದ್ದಾರೆ. ಅತ್ತೆಯೂ "ಊಂ, ಬಿದ್ದ" ಅನ್ನುತ್ತಾರೆ. ಇವತ್ತು ಎಡಗೈಯಲ್ಲಿ ಚೆಂಬು ಎಸೆದರು. ತುಟಿ ಒಡೆಯಿತು. ಎಡಗೈಗೂ ಗುರಿ ಕಲಿಸುತ್ತಿದ್ದಾರೆ.

ಅತ್ತೆ ಮುದ್ದಯ್ಯ ಆಚಾರಿಯಿಂದ ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು. ಸರಳು ಈಗ ಚಾಪೆ ಕೆಳಗೆ.

24 ಸೆಪ್ಟೆಂಬರ್

ಪ್ಲಾಸ್ಟರ್ ತೆಗೆದರು. ಬೆರಳು ಮಡಚಲು ಬರುವುದಿಲ್ಲ. ಫಿಸಿಯೋ ಮಾಡಿಸಿ ಅಂದರಂತೆ ಡಾಕ್ಟರು. ಸುತ್ತಮುತ್ತ ಇರುವುದು ಒಬ್ಬರೇ! ಯಶೋದಮ್ಮನವರ ಮನೆಯಲ್ಲಿ ನಾನು ಮಲಗುವ ಅದೇ ಚಾಪೆ ಮೇಲೆ ಇವರು. ಕೈಯಲ್ಲಿ ಬಟ್ಟೆ ಉಂಡೆ.

"ಉಸಿರು ಬಿಡ್ತಾ ಬಿಗಿ ಹಿಡಿಯಪ್ಪ. ಐದು ಎಣಿಸು. ಸಡಿಲ ಬಿಡು. ಭಾರ ಎತ್ತಬೇಡ."

"ಸಾಯೋ ನೋವು ಕಣವ್ವ..." ಕಣ್ಣಲ್ಲಿ ನೀರು.

ಹೊರಗೆ ಬಂದು ಯಶೋದಮ್ಮನಿಗೆ ಹೇಳಿದೆ: "ಅಕ್ಕಾ, ಆ ಕೈ ಸರಿಹೋದರೆ ಬೀಳುವುದು ನನ್ನ ಮೇಲೇ."

"ಗೊತ್ತು. ಕೈ ಸರಿಮಾಡೋದು ನನ್ನ ಕೆಲಸ, ಇಲ್ಲ ಅನ್ನಲಾರೆ. ಆದರೆ ಈ ಮನೆ ಬಾಗಿಲು ನಿನಗೆ ಯಾವತ್ತೂ ಹಾಕಿರೋಲ್ಲ. ಮಗು ಕರಕೊಂಡು ಬಂದುಬಿಡು."

8 ಅಕ್ಟೋಬರ್, ಮಂಗಳವಾರ. ಸಂಜೆ 4

ಹನ್ನೆರಡು ವಾರ ತುಂಬಿತು. ಯಶೋದಮ್ಮ ನೋಡಿದರು. ಕೆಮ್ಮಿಸಿದರು, ಕುಕ್ಕರಗಾಲಲ್ಲಿ ಕೂರಿಸಿ ನೋಡಿದರು. "ಮೇಲೆ ನಿಂತಿದೆ. ಕತ್ತರಿ ಬೇಡ." ಅತ್ತೆಯೂ ನಾನೂ ಅವರ ಕೈ ಹಿಡಿದುಕೊಂಡೆವು.

ಮನೆಗೆ ಬಂದರೆ ಇವರು ಜಗಲಿ ಮೇಲೆ. ಬಲಗೈ ಮುಂದೆ ಚಾಚಿದರು. ಒಂದೊಂದೇ ಬೆರಳು ಮಡಚಿದರು. ಮುಷ್ಟಿ ಪೂರ್ತಿ ಮುಚ್ಚಿತು.

"ನೋಡ್ದಾ? ಮುಚ್ತು." ನಗು. ನಾನೂ ನಕ್ಕುಬಿಟ್ಟೆ... ಅಭ್ಯಾಸ. "ನಿಂದೂ ವಾಸಿಯಾಯ್ತಂತಲ್ಲ. ನಡಿ, ಒರೆ ಎತ್ತು."

"ಎತ್ತಲ್ಲ."

ಉಸಿರು ಕಟ್ಟಲಿಲ್ಲ. ಒಳಗೆ ಬಂದು ಚಿಲಕ ಹಾಕಿದೆ. ಅತ್ತೆ ಮಗುವಿಗೆ ಶಾಲು ಸುತ್ತುತ್ತಿದ್ದಾರೆ. ಅತ್ತೆ ಐದು ಎಣಿಸಿದ ಕೂಡಲೇ ಹಿಂಬಾಗಿಲಿಂದ ರಾವಂದೂರಿಗೆ. ಈ ಪುಸ್ತಕವೂ ಚೀಲಕ್ಕೆ. ಸರಳು ನನ್ನ ತೊಡೆ ಮೇಲೆ.

ಬಾಗಿಲಿಗೆ ಗುದ್ದು. ಅದೇ ಕೈ. ಅತ್ತೆ ಜೋರಾಗಿ ಎಣಿಸುತ್ತಿದ್ದಾರೆ. ಒಂದು. ಎರಡು. ಉಸಿರು ಬಿಡುತ್ತಿದ್ದೇನೆ. ಮೂರು. ಚಿಲಕದ ಮೊಳೆ ಅಲ್ಲಾಡಿತು. ಅತ್ತೆ ಇವತ್ತು ಮರೆಯಲಿಲ್ಲ. ನಾಲ್ಕು —