ಬೇರೆ ಯಾರದೋ ಜಾತಕ

ತೊಂಗ್ಯೊಂಗ್
೧೧ ನವೆಂಬರ್ ೨೦೦೯

ತಮ್ಮ ಮನ್‌ಸೊಕ್,

ನಿನ್ನ ಕಾಗದ ಸೆರೆಮನೆಯ ಮೊಹರು ಹೊತ್ತು ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಂಪಿ ಸುಗ್ಗಿಯನ್ನು ದೂರಬಹುದಿತ್ತು. ಇಡೀ ದಿನ ಶೆಡ್ಡಿನಲ್ಲಿ ನಿಂತು ಚಿಪ್ಪು ಬಿಡಿಸಿ ಬಂದರೆ ಬೆರಳು ಮಡಚಲಿಕ್ಕೆ ಬರುವುದಿಲ್ಲ. ಆದರೆ ಕಾರಣ ಅದಲ್ಲ. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ.

ನೀನು ಕೇಳಿದ್ದು ಸಣ್ಣದೇ. ಇದೇ ಇಪ್ಪತ್ತರೊಳಗೆ ಮೇಲಿನ ನ್ಯಾಯಾಲಯಕ್ಕೆ ನನ್ನ ಕೈಬರಹದ ದಯಾಮನವಿ ಸೇರಬೇಕು. 'ಇವನ ಕೈಯಿಂದ ರಕ್ತ ಹರಿಯುತ್ತದೆಂದು ಹುಟ್ಟಿದ ಗಳಿಗೆಯಲ್ಲೇ ಬರೆದಿತ್ತು, ಊರಿಗೆಲ್ಲ ಗೊತ್ತು' ಎಂದು ಅದರಲ್ಲಿರಬೇಕು. ಹಾಗಾದರೆ ಹನ್ನೆರಡು ವರ್ಷದ ಶಿಕ್ಷೆ ಎಂಟಕ್ಕೆ ಇಳಿಯಬಹುದೆಂದು ವಕೀಲರು ಹೇಳಿದ್ದಾರೆ. "ನಾನು ಬರೀ ಕೈ ಅಕ್ಕ, ಹೊಡೆದದ್ದು ವಿಧಿ" ಎಂದು ಎರಡು ಕಡೆ ಬರೆದಿದ್ದೀಯ.

ಊರಿಗೆಲ್ಲ ಗೊತ್ತಿದ್ದದ್ದು ನಿಜ. ನಿನಗೆ ಮೂರು ವರ್ಷವಿದ್ದಾಗ ಅಮ್ಮ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮಾರುಕಟ್ಟೆಯ ಹಿಂದಿನ ಜೋಯಿಸನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಅವನು ಲೆಕ್ಕ ಹಾಕಿ, ನಾಲಿಗೆ ಲೊಚಗುಟ್ಟಿ, "ಅಯ್ಯೋ ತಾಯಿ, ಈ ಕೂಸಿನ ಕೈಲಿ ಕತ್ತಿ ಇದೆಯಲ್ಲ! ರಕ್ತ ಕಾಣ್ದೆ ಬಿಡೋನಲ್ಲ ಇವನು" ಅಂದ. ಅವತ್ತಿನಿಂದ ಮನೆಯ ಚಾಕುಗಳೆಲ್ಲ ಅಟ್ಟ ಸೇರಿದವು. ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಓಣಿಯ ಮಕ್ಕಳೆಲ್ಲ ಮೂಲಂಗಿ ಹೆಚ್ಚುತ್ತಿದ್ದರೆ ನಿನಗೆ ಉಪ್ಪು ಸವರುವ ಕೆಲಸ. ನೀನು ಶಾಲೆಯಲ್ಲಿ ಯಾರನ್ನಾದರೂ ಒಂದು ಸಲ ನೂಕಿದರೆ ಸಾಕು, ಅಮ್ಮ ಎದೆ ಹಿಡಿದುಕೊಂಡು "ಶುರುವಾಯ್ತು ನೋಡು" ಅನ್ನುತ್ತಿದ್ದಳು. ಬೇರೆ ಹುಡುಗರು ನೂಕಿದರೆ ಅದು ಬರೀ ನೂಕಾಟ, ನೀನು ನೂಕಿದರೆ ಭವಿಷ್ಯ. ಪಾಪ, ನಿನ್ನ ಮೇಲೆ ನನಗೆ ಆಗಲೂ ಮರುಕವಿತ್ತು.

ಈಗ ನಿನಗೆ ಒಂದು ವಿಷಯ ತಿಳಿಸಬೇಕು. ಕುಳಿತುಕೊಂಡು ಓದು.

ಕಳೆದ ತಿಂಗಳು ವಕೀಲರಿಗಾಗಿ ನಿನ್ನ ಹುಟ್ಟಿನ ದಾಖಲೆ ತಂದೆ. ಅದರಲ್ಲಿ ಒಂಬತ್ತನೇ ತಿಂಗಳ ಹದಿನೇಳು ಎಂದಿದೆ. ಅಪ್ಪ ಕಚೇರಿಯಲ್ಲಿ ನಮ್ಮ ಹಳೆಯ ಪಂಚಾಂಗದ ದಿನವನ್ನು ಹೇಳಿದ್ದ, ಚಂದ್ರನ ಲೆಕ್ಕದ್ದು. ಗುಮಾಸ್ತ ಅದನ್ನೇ ಸರ್ಕಾರಿ ತಾರೀಖೆಂದು ಬರೆದುಕೊಂಡ. ಆ ಕಾಲದಲ್ಲಿ ಅರ್ಧ ಊರಿನ ಕಥೆ ಇದೇ. ಸರ್ಕಾರದ ಲೆಕ್ಕದಲ್ಲಿ ನೀನು ಹುಟ್ಟಿದ್ದು ನವೆಂಬರಿನಲ್ಲಿ. ಅಮ್ಮನಿಗೆ ತನ್ನ ನೆನಪಿನ ಮೇಲೆ ನಂಬಿಕೆಯಿರಲಿಲ್ಲ, ಜೋಯಿಸನಿಗೆ ಆ ದಾಖಲೆಯ ನಕಲನ್ನೇ ಕೊಟ್ಟಿದ್ದಳು. ಮೊಹರು ಬಿದ್ದ ಕಾಗದವಲ್ಲವೇ, ಅವನು ಅದನ್ನು ಸರ್ಕಾರಿ ತಾರೀಖೆಂದೇ ಹಿಡಿದು ಲೆಕ್ಕ ಕಟ್ಟಿದ. ಮೊನ್ನೆ ನಾನು ಅದೇ ಜೋಯಿಸನ ಹತ್ತಿರ ಹೋಗಿ ಸರಿಯಾದ ದಿನ ಹೇಳಿದೆ. ಅವನು ಮತ್ತೆ ಲೆಕ್ಕ ಹಾಕಿ, "ಇದು ಬೇರೇನೇ ಕೂಸು ಕಣವ್ವ. ಮೆತ್ತಗಿನ ಜೀವ. ಇರುವೆ ತುಳಿಯೋಕೂ ಹೆದರ್ತಾನೆ" ಅಂದ.

ನೀನು ಮೂವತ್ತೈದು ವರ್ಷ ಹೊತ್ತು ತಿರುಗಿದ್ದು ಬೇರೆ ಯಾರದೋ ಜಾತಕ, ಮನ್‌ಸೊಕ್. ಯಾರದೂ ಅಲ್ಲದೆಯೂ ಇರಬಹುದು.

'ಹಾಗಾದರೆ ನನ್ನನ್ನು ಹೀಗೆ ಮಾಡಿದ್ದು ನೀವೆಲ್ಲ' ಎಂದು ನೀನು ಹೇಳುತ್ತೀಯ. ಹೇಳು, ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಬಗ್ಗೆ ನಾನೂ ಯೋಚಿಸಿದ್ದೇನೆ. ದೋಣಿ ಕಟ್ಟುವ ಧಕ್ಕೆಯಲ್ಲಿ ಯೊಂಗ್‌ಬೆ ಎಲ್ಲರೆದುರು ನಿನ್ನನ್ನು ಆಡಿಕೊಂಡ: "ಏನೋ, ಅಪ್ಪನ ದೋಣಿ ಭಾವನ ಪಾಲಾಯ್ತಂತೆ? ನಿನ್ ಕೈಗೆ ಹುಟ್ಟು ಕೊಡೋಕೂ ಹೆದರ್ತಾರಲ್ಲೋ!" ಕೆಟ್ಟ ಮಾತು. ಆದರೆ ನೀನು ಅಲ್ಲೇ ಹೊಡೆಯಲಿಲ್ಲ. ಮನೆಗೆ ಹೋದೆ, ಸಲಾಕೆ ತೆಗೆದುಕೊಂಡೆ, ಮತ್ತೆ ಬಂದು ಅವನನ್ನು ಹೊಡೆದು ಕೊಂದೆ. ಆ ದಾರಿ ನನಗೂ ಗೊತ್ತು, ಹೋಗಿ ಬರಲು ಇಪ್ಪತ್ತು ನಿಮಿಷ ಬೇಕು. ಆಮೇಲೆ ನೀನೇ ಸಲಾಕೆಯನ್ನು ತೊಳೆದು ಬಲೆಯ ಕೆಳಗೆ ಬಚ್ಚಿಟ್ಟೆ. ಹೊಡೆದದ್ದು ವಿಧಿ ಅಂತಲೇ ಇಟ್ಟುಕೊಳ್ಳೋಣ, ತೊಳೆದದ್ದು ಯಾರಪ್ಪ?

ಯೊಂಗ್‌ಬೆಯ ಹೆಂಡತಿ ಈಗಲೂ ಶೆಡ್ಡಿನಲ್ಲಿ ನನ್ನಿಂದ ಮೂರನೆಯ ಜಾಗದಲ್ಲಿ ನಿಲ್ಲುತ್ತಾಳೆ. ಮಾಲೀಕ ಜಾಗ ಬದಲಿಸಲಿಲ್ಲ, ನಾವಿಬ್ಬರೂ ಕೇಳಲಿಲ್ಲ. ನಿನ್ನ ಮನವಿಯ ಸುದ್ದಿ ಅವಳಿಗೆ ಹೇಗೋ ಮುಟ್ಟಿದೆ. ಮೊನ್ನೆ ಕೈಗವಸು ಕಳಚುತ್ತಾ ನನ್ನ ಮುಖ ನೋಡದೆಯೇ ಕೇಳಿದಳು: "ಅವತ್ತು ಧಕ್ಕೇಲಿ ನಲವತ್ತು ಜನ ಇದ್ರಲ್ಲೇ ಓಕ್ರಾನ್. ನಿನ್ ತಮ್ಮನ ನಕ್ಷತ್ರಕ್ಕೆ ನನ್ ಗಂಡನೇ ಬೇಕಿತ್ತಾ?" ಅವಳ ಬುಟ್ಟಿಯನ್ನು ತಕ್ಕಡಿಯವರೆಗೆ ಎತ್ತಿಕೊಟ್ಟೆ. ಅವಳು ಬೇಡ ಅನ್ನಲಿಲ್ಲ, ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆದ್ದರಿಂದ ನೀನು ಕೇಳಿದ ಮನವಿಯನ್ನು ನಾನು ಬರೆಯುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ವಿಧಿ ಮಾಡಿಸಿತು ಎಂದು ನಾನು ಸಹಿ ಹಾಕಿದರೆ, ನೀನು ಎಂಟು ವರ್ಷದ ನಂತರ ಹೊರಬರುವುದು ಅದೇ ಜಾತಕವನ್ನು ಹೊತ್ತುಕೊಂಡು. ನೀನೇ ಮಾಡಿದ್ದು ಎಂದು ನೀನು ಒಪ್ಪಿಕೊಂಡರೆ, ಇನ್ನೊಂದು ಸಲ ಮಾಡದೆ ಇರುವವನೂ ನೀನೇ ಆಗಬಹುದು. ನನಗೆ ಇಷ್ಟೇ ಹೊಳೆಯುವುದು, ನಾನು ಓದಿದವಳಲ್ಲ.

ಚಳಿ ಶುರುವಾಗಿದೆ. ಉಣ್ಣೆಯ ಒಳಬನಿಯನ್ ಎರಡು ಕಳಿಸಿದ್ದೇನೆ. ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಓಕ್ರಾನ್

ವಿ.ಸೂ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಳಿಸಿದರೆ ನೀನು ಏನೆಂದು ಊಹಿಸುತ್ತೀಯೋ ಎಂದು ಹಾಗೇ ಬಿಟ್ಟಿದ್ದೇನೆ. ನಾನು ಜೋಯಿಸನ ಹತ್ತಿರ ಹೋದದ್ದು ಮೊನ್ನೆ ಅಲ್ಲ. ಅವನು ಸತ್ತೇ ಹನ್ನೊಂದು ವರ್ಷವಾಯಿತು. ದಾಖಲೆಯ ತಪ್ಪು ನನಗೆ ಮೊದಲೇ ಗೊತ್ತಿತ್ತು; ನನ್ನ ಮದುವೆಯ ವರ್ಷ, ಜಾತಕ ಕೂಡಿಸಲು ಹೋದಾಗ ಸರಿಯಾದ ದಿನ ಹೇಳಿ ನಿನ್ನದನ್ನೂ ಕೇಳಿದೆ. ಆಗ ನಿನಗೆ ಹದಿನೆಂಟು. ಮನೆಗೆ ಬಂದು ಹೇಳಿದ್ದರೆ ಅಪ್ಪ ದೋಣಿಯನ್ನು ನಿನಗೇ ಕೊಡುತ್ತಿದ್ದ. ಹೇಳಲಿಲ್ಲ, ಅದು ನನ್ನ ಗಂಡನಿಗೆ ಬಂತು. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ, ಇಪ್ಪತ್ತು ವರ್ಷ ನಾನೇ ಮುಚ್ಚಿಕೊಂಡಿದ್ದೆ. ಇದಿಷ್ಟನ್ನೂ ಬರೆದು ಈ ದಿನವೇ ನ್ಯಾಯಾಲಯಕ್ಕೆ ಕಳಿಸಿದ್ದೇನೆ. ಯೊಂಗ್‌ಬೆಯ ಹೆಂಡತಿಗೂ ನಾಳೆ ಹೇಳುತ್ತೇನೆ. ನಿನ್ನ ಶಿಕ್ಷೆ ಅದರಿಂದ ಕಡಿಮೆಯಾಗುತ್ತದೋ ಇಲ್ಲವೋ ತಿಳಿಯದು.

ಅವತ್ತು ಅವನು ನನ್ನ ಜಾತಕವನ್ನೂ ಓದಿದ್ದ. "ನೀನು ತಮ್ಮನ ಪಾಲಿಗೆ ಎರಡನೇ ತಾಯಿ ಕಣವ್ವ, ಅವನನ್ನ ಯಾವತ್ತೂ ಕೈಬಿಡಲ್ಲ" ಅಂದಿದ್ದ. ನನ್ನ ಹುಟ್ಟಿದ ದಿನ ಸರಿಯಾಗಿಯೇ ಇತ್ತು.